ಮಾವನ ಮಾತು ಒಡೆಯೋಕೆ ಯಾವ ದಾರಿ: ನಿಯಮವೋ, ಮಾರ್ಫೆಸರೋ, ಚಾಟ್‌ಬಾಟೋ?

ಪಾಂಡವಪುರದ ಕಡೆ ನಮ್ಮ ಸೋದರಮಾವ ಬಹಳ ವರ್ಷ ಆಲೆಮನೆ ನಡೆಸಿದವರು. ಊರಿಗೆ ಹೋದಾಗಲೆಲ್ಲ ಅವರ ಮಾತನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮೈಸೂರಿಗೆ ಬಂದ ಮೇಲೆ ರಾತ್ರಿ ಕೂತು ಟೈಪ್ ಮಾಡುತ್ತೇನೆ. ಅವರು ಹೇಳಿದ ಹಾಗೇ ಟೈಪ್ ಮಾಡುತ್ತೇನೆ, ಏನನ್ನೂ ತಿದ್ದುವುದಿಲ್ಲ. ‘ಓಗು’ ಅಂದರೆ ‘ಓಗು’ನೇ.

ಒಂದು ದಿನ ಆ ಕಡತದಲ್ಲಿ ‘ಕಬ್ಬು’ ಅಂತ ಹುಡುಕಿದೆ. ಸಿಕ್ಕಿದ್ದು ಬೆರಳೆಣಿಕೆಯಷ್ಟು. ಕಬ್ಬು ಅರೆದೇ ಬದುಕಿದ ಮನುಷ್ಯ ಕಬ್ಬಿನ ಬಗ್ಗೆ ಇಷ್ಟೇನಾ ಮಾತಾಡಿದ್ದು? ಹಾಗೇನಿಲ್ಲ. ಅವರು ಹೇಳಿದ್ದು ಕಬ್ಬಿನ, ಕಬ್ಬಿಗೆ, ಕಬ್ನೆಲ್ಲ. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಪದ. ಸರಿ ಅಂತ ‘ಕಬ್ಬ’ ಅಂತಷ್ಟೇ ಕೊಟ್ಟು ನೋಡಿದೆ. ಕಬ್ಬಿನ ಜೊತೆ ಕಬ್ಬಿಣವೂ ಬಂತು. ಆಲೆಮನೆ ಅಂದಮೇಲೆ ಕಬ್ಬಿಣದ ಗಾಣ, ಕಬ್ಬಿಣದ ಕೊಪ್ಪರಿಗೆ ಇದ್ದೇ ಇರುತ್ತೆ ಅಲ್ವಾ. ‘ಕಬ್ನೆಲ್ಲ’ ಮಾತ್ರ ಆಗಲೂ ಸಿಗಲಿಲ್ಲ.

ಅಂದರೆ ಪದವನ್ನ ಒಡೆದು ಮೂಲ ರೂಪಕ್ಕೆ ಮುಟ್ಟಬೇಕು. ಭಾಷೆಯನ್ನ ಕಂಪ್ಯೂಟರಿಗೆ ಹತ್ತಿಸುವವರು ಇದಕ್ಕೆ ಹಲವು ದಾರಿ ಮಾಡಿಟ್ಟಿದ್ದಾರೆ. ಕೆಲವನ್ನ ಮಾವನ ಮಾತಿನ ಮೇಲೇ ಓಡಿಸಿ ನೋಡಿದೆ.

ಮೊದಲು ಹಿಡಿದಿದ್ದು ಕೈಯಲ್ಲೇ ನಿಯಮ ಬರೆಯುವ ದಾರಿ. 1983ರಲ್ಲಿ ಫಿನ್ಲೆಂಡಿನ ಕಿಮ್ಮೊ ಕೊಸ್ಕೆನ್ನಿಯೆಮಿ ತೋರಿಸಿದ ರೀತಿ ಇದು. ಮೂಲ ರೂಪದ್ದು ಒಂದು ಸಾಲು, ನಾವು ಬರೆಯುವ ರೂಪದ್ದು ಇನ್ನೊಂದು ಸಾಲು, ಎರಡನ್ನೂ ಹೊಂದಿಸುವ ನಿಯಮಗಳು. ಒಂದು ಸಲ ಬರೆದರೆ ಎರಡೂ ಕಡೆಗೆ ಓಡುತ್ತವೆ: ಪದ ಕಟ್ಟಲೂಬಹುದು, ಒಡೆಯಲೂಬಹುದು. ಫಿನ್ನಿಷ್ ಭಾಷೆಯಲ್ಲೂ ನಮ್ಮ ಹಾಗೇ ಒಂದು ಪದದ ಬಾಲಕ್ಕೆ ಇನ್ನೊಂದು ಬಾಲ ಅಂಟುತ್ತಾ ಹೋಗುತ್ತದೆ. ಅದಕ್ಕೇ ಇರಬೇಕು, ಈ ವಿಷಯದಲ್ಲಿ ಅಲ್ಲಿಯವರ ಕೆಲಸ ನಮಗೆ ಜಾಸ್ತಿ ಒಗ್ಗುತ್ತದೆ. ನಾನು ಬಳಸಿದ್ದು ಫೋಮಾ ಅನ್ನುವ ಉಚಿತ ಸಾಧನ. ಮೂಲ ಪದಗಳ ಪಟ್ಟಿಗೆ ಮುಕ್ತವಾಗಿ ಸಿಗುವ ಅಲರ್ ನಿಘಂಟು ಇತ್ತು.

ಶುರು ಮಾಡಿದ ದಿನವೇ ಎಡವಿದೆ. ‘ಊರಲ್ಲಿ’ ಅನ್ನುವ ಪದ ತಗೊಳ್ಳಿ. ಊರು, ಅಲ್ಲಿ, ಲೋಪಸಂಧಿ. ಪ್ರೈಮರಿ ಸ್ಕೂಲ್ ಪಾಠ. ಆದರೆ ಕಂಪ್ಯೂಟರ್ ಇದನ್ನ ಇಟ್ಟುಕೊಳ್ಳುವುದು ಊ, ರ, ಲ, ಒತ್ತಿನ ಗುರುತು, ಮತ್ತೆ ಲ, ಕೊನೆಗೆ ಗುಡಿಸು ಅಂತ. ಒಟ್ಟು ಆರು. ಇದರಲ್ಲಿ ‘ಅಲ್ಲಿ’ಯ ಅ ಎಲ್ಲಿದೆ? ಎಲ್ಲೂ ಇಲ್ಲ. ‘ರ’ ಒಳಗೆ ಕೂತುಬಿಟ್ಟಿದೆ. ಎಲ್ಲಿ ಕತ್ತರಿ ಹಾಕಿದರೂ ‘ಅಲ್ಲಿ’ ಈಚೆಗೆ ಬರುವುದಿಲ್ಲ, ‘ಊರ’ ಮತ್ತು ‘ಲ್ಲಿ’ ಬರುತ್ತದೆ. ‘ಊರ ಹಬ್ಬ’ ಅನ್ನುತ್ತೇವಲ್ಲ, ಹಾಗಾಗಿ ‘ಊರ’ ಕೂಡ ಸರಿಯಾದ ಪದವೇ. ತಪ್ಪು ಅಂತ ಯಂತ್ರಕ್ಕೆ ಅನುಮಾನವೂ ಬರುವುದಿಲ್ಲ.

ಎರಡು ಭಾನುವಾರ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆದಿದ್ದು ಮೇಷ್ಟ್ರು ಬೋರ್ಡಿನ ಮೇಲೆ ಬರೆಸುತ್ತಿದ್ದ ‘ಕ್ + ಅ = ಕ’. ಕಾಗುಣಿತವನ್ನೇ ಮೊದಲು ಬಿಡಿಸಿಟ್ಟರೆ ಆಯಿತು. ಊ, ರ್, ಅ, ಲ್, ಲ್, ಇ. ಈಗ ‘ರ್’ ಆದಮೇಲೆ ಕತ್ತರಿಸಬಹುದು. ಲೋಪವಾದ ‘ಉ’ ಸೇರಿಸಿ, ನಿಘಂಟಿನಲ್ಲಿ ‘ಊರು’ ಇದೆಯಾ ನೋಡಿದರೆ ಮುಗಿಯಿತು. ಹತ್ತು ಸಾಲಿನ ಪ್ರೋಗ್ರಾಮ್ ಅಷ್ಟೇ. ಕನ್ನಡದ ಪದ ಒಡೆಯಲು ಹೊರಟವರು ಯಾವ ದಾರಿ ಹಿಡಿದರೂ ಇದನ್ನ ಮಾತ್ರ ಮೊದಲು ಮಾಡಿಕೊಳ್ಳಿ.

ಆಮೇಲೆ ಕೆಲಸ ಸಲೀಸಾಯಿತು. ಮನೆಯಲ್ಲಿ, ಗುರುವಿಗೆ, ಮಳೆಗಾಲ, ಎಲ್ಲಕ್ಕೂ ನಿಯಮ ಇದೆ. ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಸಂಧಿಗೆ ಸೂತ್ರ ಬರೆದಿಟ್ಟವನು. ಬಾ, ಬರು, ಬಂದ, ಸಾಯು, ಸತ್ತ, ಇಂಥ ತರಲೆ ಕ್ರಿಯಾಪದಗಳನ್ನ ಒಂದೊಂದಾಗಿ ಪಟ್ಟಿ ಮಾಡಿದೆ. ‘ಕಬ್ಬಿನ’ ಸೀದಾ ಕಬ್ಬಿಗೆ ಹೋಯಿತು, ‘ಕಬ್ಬಿಣದ’ ಕಬ್ಬಿಣಕ್ಕೆ ಹೋಯಿತು. ಆ ಖುಷಿಯೇ ಬೇರೆ. ಇದರ ಕಷ್ಟ ಏನಂದ್ರೆ, ನಾನು ಯೋಚಿಸದೇ ಇದ್ದದ್ದು ಇದಕ್ಕೆ ಗೊತ್ತೇ ಇಲ್ಲ. ಮಾವನ ‘ಓಗ್ಬುಟ್ಟವ್ನೆ’ ಕೊಟ್ಟರೆ ತಣ್ಣಗೆ ಖಾಲಿ ಸಾಲು ಕೊಟ್ಟಿತು. ಪುಸ್ತಕದ ಕನ್ನಡಕ್ಕೆ ಬರೆದ ನಿಯಮ ಮಂಡ್ಯದ ಜಗುಲಿಗೆ ಬಂದರೆ ಇನ್ನೇನಾಗುತ್ತೆ?

ಎರಡನೆಯದು ಮಾರ್ಫೆಸರ್ ಅನ್ನುವ ಪ್ರೋಗ್ರಾಮ್. ಇದೂ ಫಿನ್ಲೆಂಡಿನದೇ. ಮಥಿಯಾಸ್ ಕ್ರೂಟ್ಸ್ ಮತ್ತು ಕ್ರಿಸ್ಟಾ ಲಾಗಸ್ 2002ರಲ್ಲಿ ಮುಂದಿಟ್ಟ ವಿಧಾನದಿಂದ ಬೆಳೆದದ್ದು. ಇದಕ್ಕೆ ವ್ಯಾಕರಣ ಬೇಡ, ನಿಘಂಟು ಬೇಡ. ಪದಗಳ ರಾಶಿ ಸುರಿದರೆ ಸಾಕು. ಬರೇ ತುಂಡುಗಳ ಪಟ್ಟಿ ಇಟ್ಟುಕೊಂಡು ಎಲ್ಲ ಪದಗಳನ್ನೂ ಕಟ್ಟಬೇಕು. ಆ ಪಟ್ಟಿಯೂ ಚಿಕ್ಕದಿರಬೇಕು, ಆ ತುಂಡುಗಳಿಂದ ಪದ ಬರೆಯಲು ತಗಲುವ ಖರ್ಚೂ, ಅಂದರೆ ಹೆಚ್ಚುಕಮ್ಮಿ ಎಷ್ಟು ತುಂಡು ಬೇಕು ಅನ್ನುವ ಲೆಕ್ಕ, ಕಡಿಮೆ ಇರಬೇಕು. ಈ ಎರಡರ ಚೌಕಾಸಿಯಲ್ಲಿ ತುಂಡುಗಳು ತಾವಾಗಿಯೇ ಬೀಳುತ್ತವೆ.

ನಿಯಮಕ್ಕೆ ತಿಂಗಳುಗಟ್ಟಲೆ ಭಾನುವಾರ ಹೋಗಿದ್ದವು. ಇದು ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು. ಕಾಗುಣಿತ ಬಿಡಿಸದೆ ಕೊಟ್ಟಾಗ ಕಸ ಬಂತು. ಬಿಡಿಸಿ ಕೊಟ್ಟಾಗ ಅಲ್ಲಿ, ಇಂದ, ಗಳು ಎಲ್ಲ ಪಟ್ಟಿಯಲ್ಲಿ ಮೇಲೆದ್ದವು. ಅವುಗಳ ನಡುವೆ ಎರಡು ತುಂಡು ನೋಡಿ ಕುರ್ಚಿಯಲ್ಲೇ ನೆಟ್ಟಗೆ ಕೂತೆ. ಒಂದು ‘ಬುಟ್ಟ್’, ಇನ್ನೊಂದು ‘ಅವ್ನೆ’. ಓಗ್ಬುಟ್ಟವ್ನೆ, ಬಂದ್ಬುಟ್ಟವ್ನೆ, ಕುಂತವ್ನೆ, ಮಲಗವ್ನೆ. ಹುಟ್ಟಿದಾಗಿಂದ ಆಡಿದ ಮಾತು, ಅದರಲ್ಲಿ ‘ಅವ್ನೆ’ ಅನ್ನುವುದು ‘ಇದ್ದಾನೆ’ಯ ಜಾಗದಲ್ಲಿ ಕೂತಿರುವ ಬಾಲ ಅಂತ ನನಗೆ ಯಾವತ್ತೂ ಕಂಡಿರಲಿಲ್ಲ. ಬರೇ ಎಣಿಸುವ ಯಂತ್ರಕ್ಕೆ ಕಂಡಿತು.

ಅಷ್ಟಕ್ಕೇ ಇದನ್ನ ನಂಬಿ ಕೂರುವ ಹಾಗಿಲ್ಲ. ಇದೇ ಮಹಾನುಭಾವ ಕಬ್ಬಿಣವನ್ನ ‘ಕಬ್ಬ್’ ಮತ್ತು ‘ಇಣ’ ಅಂತ ಸೀಳಿ ಮತ್ತೆ ಕಬ್ಬಿನ ಗದ್ದೆಗೇ ತಂದು ಹಾಕಿತು. ‘ಓಗು’ ಮತ್ತು ‘ಹೋಗು’ ಒಂದೇ ಅಂತಲೂ ಇದಕ್ಕೆ ತಿಳಿಯುವುದಿಲ್ಲ. ಕತ್ತರಿಸುವುದಷ್ಟೇ ಇದರ ಕೆಲಸ.

ಬೈಟ್ ಪೇರ್ ಎನ್‌ಕೋಡಿಂಗ್ ಅಂತ ಪದ ತುಂಡು ಮಾಡುವ ಇನ್ನೊಂದು ದಾರಿ ಇದೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1994ರಲ್ಲಿ ಫಿಲಿಪ್ ಗೇಜ್ ಕಡತಗಳನ್ನ ಕುಗ್ಗಿಸಲು ಬರೆದದ್ದು, 2016ರ ಹೊತ್ತಿಗೆ ಯಂತ್ರ ಅನುವಾದಕ್ಕೆ ಬಂತು. ಒಟ್ಟೊಟ್ಟಿಗೆ ಹೆಚ್ಚು ಸಲ ಬರುವ ಜೋಡಿಯನ್ನ ಅಂಟಿಸುತ್ತಾ ಹೋಗುತ್ತದೆ, ಅಷ್ಟೇ. ಮೂಲ ರೂಪ ಸಿಗಲಿ ಅನ್ನುವ ಉದ್ದೇಶವೇ ಇದಕ್ಕಿಲ್ಲ. ನನ್ನ ಹುಡುಕಾಟಕ್ಕೆ ಇದು ಪೂರಾ ದಂಡ.

ಕೊನೆಗೆ ಚಾಟ್‌ಬಾಟ್. ಹೆಸರು ಬೇಡ, ಎಲ್ಲರ ಫೋನಿನಲ್ಲೂ ಇರುವಂಥದ್ದೇ. ‘ಓಗ್ಬುಟ್ಟವ್ನೆ’ ಅಂದರೇನು ಅಂತ ಕೇಳಿದೆ. ‘ಹೋಗಿಬಿಟ್ಟಿದ್ದಾನೆ’ ಅಂತ ತಟ್ಟನೆ ಹೇಳಿತು. ನಿಯಮ ಕೈಚೆಲ್ಲಿದ್ದನ್ನ, ಮಾರ್ಫೆಸರ್ ಬರೇ ಕತ್ತರಿಸಿದ್ದನ್ನ ಇದು ಅರ್ಥ ಮಾಡಿಕೊಂಡಿತ್ತು. ಒಪ್ಪಲೇಬೇಕು.

ಮೊದಲ ತಕರಾರು ಬಂದದ್ದು ಮಾರನೆಯ ದಿನ. ಅದೇ ಪದವನ್ನ ಒಡೆಯಲು ಹೇಳಿದರೆ ಒಂದು ಸಲ ಮೂರು ತುಂಡು ಮಾಡಿತು, ಇನ್ನೊಂದು ಸಲ ಎರಡು. ಹುಡುಕುವ ಪಟ್ಟಿ ಮಾಡುವವನಿಗೆ ಇದು ಆಗಿಬರುವುದಿಲ್ಲ. ಇವತ್ತು ಒಂದು ಗೂಡಿಗೆ ಹಾಕಿದ್ದು ನಾಳೆ ಇನ್ನೊಂದು ಗೂಡಿನಲ್ಲಿರುತ್ತದೆ. ಒಂದು ಪುಟ ಪೂರ್ತಿ ಕೊಟ್ಟರೆ ಇನ್ನೂ ಫಜೀತಿ. ನಾನು ಕೇಳದೇ ಇದ್ದರೂ ಮಾವನ ಮಾತನ್ನೆಲ್ಲ ತಿದ್ದಿ ತೀಡಿ ವಾರ್ತೆ ಓದುವವರ ಕನ್ನಡ ಮಾಡಿ ಕೈಗಿತ್ತಿತು.

ಆಮೇಲೆ ‘ಬಾಡ್ಗೆ’. ಮಾವ ಹೇಳಿದ್ದು, “ಅಬ್ಬದ್ ಬಾಡ್ಗೆ ಸಾಲ ಮಾಡ್ದೊ ಕಣ್ಲಾ.” ಚಾಟ್‌ಬಾಟ್ ಇದನ್ನ ‘ಹಬ್ಬದ ಸಮಯದಲ್ಲಿ ಮನೆ ಬಾಡಿಗೆ ಕಟ್ಟಲು ಸಾಲ ಮಾಡಿದೆವು’ ಅಂತ ಓದಿತು. ಸ್ವಂತ ಮನೆಯಲ್ಲೇ ಹುಟ್ಟಿ ಬೆಳೆದ ಮಾವ ಯಾರಿಗೆ ಬಾಡಿಗೆ ಕಟ್ಟುತ್ತಾರೆ? ಅದು ಬಾಡು, ಅಂದರೆ ಮಾಂಸ; ‘ಬಾಡ್ಗೆ’ ಅಂದರೆ ಬಾಡಿಗೋಸ್ಕರ. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕು ಅಂತ ಅಷ್ಟೆಲ್ಲ ಗಲಾಟೆ ಆಯಿತಲ್ಲ, ಅದೇ ಬಾಡು. ಹಿಂದಿನ ಸಾಲಿನಲ್ಲಿ ಮಾವ ಮರಿ ಕುಯ್ದ ಕಥೆ ಹೇಳಿದ್ದರು. ಅದನ್ನೂ ಸೇರಿಸಿ ಕೊಟ್ಟಾಗ ಚಾಟ್‌ಬಾಟ್ ಸರಿಯಾಗಿ ಮಾಂಸ ಅಂದಿತು. ನನ್ನ ನಿಯಮಗಳು ಏನು ಮಾಡಿದವು? ‘ಬಾಡಿಗೆ’ ಅಂತ ಪೂರ್ತಿ ರೂಪ ಕೊಟ್ಟರೆ ಎರಡು ಉತ್ತರ ಕೊಟ್ಟವು: ಬಾಡಿಗೆ ಅನ್ನುವ ಇಡೀ ಪದ ಒಂದು, ‘ಬಾಡು’ಗೆ ‘ಇಗೆ’ ಸೇರಿದ್ದು ಇನ್ನೊಂದು. ಯಾವುದು ಅಂತ ಆರಿಸಲು ಅವಕ್ಕೆ ಬರುವುದಿಲ್ಲ. ಆದರೆ ಎರಡು ಇವೆ ಅನ್ನುವುದನ್ನ ಮುಚ್ಚಿಡಲಿಲ್ಲ. ಚಾಟ್‌ಬಾಟಿಗಿಂತ ನನಗೆ ಇದು ಮೇಲು ಅನ್ನಿಸಿದ್ದು ಈ ಕಾರಣಕ್ಕೆ.

ಹಾಗಾಗಿ ಹುಡುಕಾಟ ನಡೆಯುವುದು ನಿಯಮದ ಮೇಲೆಯೇ. ಹೊಸ ರೆಕಾರ್ಡಿಂಗ್ ಟೈಪ್ ಆದಮೇಲೆ ಅದನ್ನ ಮಾರ್ಫೆಸರಿಗೆ ಸುರಿದು, ನನ್ನ ಪಟ್ಟಿಯಲ್ಲಿಲ್ಲದ ಬಾಲ ಏನಾದರೂ ಎದ್ದಿದೆಯಾ ನೋಡುತ್ತೇನೆ. ‘ಬುಟ್ಟ್’, ‘ಅವ್ನೆ’ ನಿಯಮದೊಳಗೆ ಬಂದದ್ದು ಹಾಗೇ. ಚಾಟ್‌ಬಾಟ್ ತೆರೆಯುವುದು ಒಂದು ಪದ ನನಗೇ ಅರ್ಥವಾಗದಿದ್ದಾಗ. ಅದೂ ಹಿಂದುಮುಂದಿನ ನಾಲ್ಕು ಸಾಲು ಸೇರಿಸಿ. ಅದರ ಉತ್ತರವನ್ನ ಹಾಗೇ ಕಡತಕ್ಕೆ ಹಾಕುವುದಿಲ್ಲ, ಮಾವನಿಗೆ ಫೋನ್ ಮಾಡಿ ಕೇಳುತ್ತೇನೆ.

ಈಗ ‘ಅವ್ನೆ’ ಹೊಸ ತಲೆನೋವು ತಂದಿದೆ. “ಅವ್ನೆ ಬಂದವ್ನೆ” ಅಂದರೆ ಮೊದಲನೆಯದು ‘ಅವನೇ’, ಎರಡನೆಯದು ‘ಇದ್ದಾನೆ’. ಬಿಡಿಯಾಗಿ ನಿಂತ ‘ಅವ್ನೆ’ ಆದರೂ ಸುಲಭ ಅಂದುಕೊಂಡೆ. ಹೋದ ವಾರ ಟೈಪ್ ಮಾಡುತ್ತಿದ್ದೆ, ಮಾವನ ಸಾಲು ಬಂತು: “ಗಾಣದ್ ತಾವ ಯಾರವ್ರೆ ಅಂದ್ರೆ, ಅವ್ನೆ.” ಮೂರು ಸಲ ಕೇಳಿಸಿಕೊಂಡೆ. ಎರಡೂ ಅರ್ಥ ಹೊಂದುತ್ತೆ. ಎರಡೂ ಗೂಡಿಗೆ ಹಾಕಿಟ್ಟಿದ್ದೇನೆ.