ಔಷಧಿ ಕೊಡದ ಡಿ-ಅಡಿಕ್ಷನ್ ಸೆಂಟರ್: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ನನ್ನ ತಮ್ಮನಿಗೆ ಅಂಟಿದ್ದು ಟ್ಯಾಪೆಂಟಡಾಲ್ ಚಟ. ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ನೋವಿನ ಮಾತ್ರೆ ಅದು, ಆದರೂ ಸಿಗುತ್ತದೆ. ಅವನನ್ನು ಬೆಂಗಳೂರಿನ ಹೊರಗಿನ ಒಂದು ಖಾಸಗಿ ಸೆಂಟರಿಗೆ ಸೇರಿಸಿದೆವು. ಹೆಸರು ಹಾಕುವುದಿಲ್ಲ, ಇಂಥ ಜಾಗಗಳು ಬೇಕಾದಷ್ಟಿವೆ. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ, ಬರೀ ಯೋಗ, ಧ್ಯಾನ, ಕೌನ್ಸೆಲಿಂಗ್ ಅನ್ನುವುದೇ ಅವರ ಜಾಹೀರಾತು. ಮೂರು ತಿಂಗಳ ಪ್ಯಾಕೇಜ್, ದುಡ್ಡು ಮೊದಲೇ ಕಟ್ಟಬೇಕು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಕೌನ್ಸೆಲರ್ ತುಂಬಾ ಚೆನ್ನಾಗಿದ್ದರು. ಆಸೆ ಯಾವಾಗ ಕೆರಳುತ್ತದೆ ಅಂತ ತಮ್ಮನ ಕೈಯಲ್ಲೇ ಬರೆಸಿದರು: ಸಂಬಳದ ದಿನ, ಆ ಮೆಡಿಕಲ್ ಶಾಪ್ ಇರುವ ರಸ್ತೆ, ಒಬ್ಬ ಗೆಳೆಯನ ಫೋನು, ರಾತ್ರಿ ನಿದ್ದೆ ಬಾರದ ಹೊತ್ತು. ಒಂದೊಂದಕ್ಕೂ ಏನು ಮಾಡಬೇಕು ಅಂತ ಕೂತು ಮಾತಾಡಿದರು. ಮನೆಯವರನ್ನೂ ಕರೆಸಿ, ಕೈಗೆ ನಗದು ಕೊಡಬೇಡಿ, ದಿನಾ ಪೊಲೀಸರ ಹಾಗೆ ವಿಚಾರಣೆಯನ್ನೂ ಮಾಡಬೇಡಿ ಅಂದರು. ಅಮ್ಮನಿಗೆ ಅದು ತುಂಬಾ ಸಹಾಯವಾಯಿತು. ಊಟ, ಯೋಗ, ತೋಟದ ಕೆಲಸ, ಎಲ್ಲವೂ ಸರಿಯಾಗಿತ್ತು.

ಆದರೆ ಮೊದಲ ವಾರ! ವಿಡ್ರಾಯಲ್, ಅಂದರೆ ಚಟದ ಮಾತ್ರೆ ನಿಲ್ಲಿಸಿದಾಗ ಮೈಗೆ ಬರುವ ಸಂಕಟ, ಸುಮ್ನೆ ಮೈಕೈ ನೋವಲ್ಲ. ವಾಂತಿ, ಭೇದಿ, ಬೆವರು, ಚಳಿ, ಕಾಲು ತಾನಾಗಿ ಒದೆಯುವುದು, ಕಣ್ಣು ಮುಚ್ಚಲೂ ಆಗದ ರಾತ್ರಿ. ಇದರಿಂದ ನೇರವಾಗಿ ಸಾಯುವವರು ಕಡಿಮೆ, ಆದರೆ ಮೈಯಲ್ಲಿನ ನೀರೆಲ್ಲ ಇಳಿದುಹೋದರೆ ಅಪಾಯ ಇದ್ದೇ ಇದೆ. ಅಲ್ಲಿ ರಾತ್ರಿ ಡಾಕ್ಟರ್ ಇರಲಿಲ್ಲ. ಎಳನೀರು ಕೊಟ್ಟು ತಾಳಿಕೋ ಅಂದರಂತೆ. ತಾಳಿಕೊಳ್ಳುವುದೇ ಚಿಕಿತ್ಸೆ ಅಂತ ನಂಬಿದ ಜಾಗದಲ್ಲಿ ನರಳುವವನ ಮಾತನ್ನು ಯಾರೂ ಕೇಳುವುದಿಲ್ಲ, ನನಗೆ ಸಿಟ್ಟು ಬಂದಿದ್ದು ಅದಕ್ಕೆ.

ಅದಕ್ಕಿಂತ ದೊಡ್ಡ ತಪ್ಪು ಬಿಡುಗಡೆಯ ದಿನ ಆಯಿತು. ಸರ್ಟಿಫಿಕೇಟ್ ಕೊಟ್ಟರು, ಫೋಟೊ ತೆಗೆದರು, ಒಂದು ಮಾತು ಮಾತ್ರ ಹೇಳಲಿಲ್ಲ. ತಿಂಗಳುಗಟ್ಟಲೆ ಬಿಟ್ಟ ಮೇಲೆ ಮೈಗೆ ಹಳೆಯ ಡೋಸ್ ತಡೆಯುವ ಶಕ್ತಿ ಇರುವುದಿಲ್ಲ. ಜಾರಿ ಬಿದ್ದು ಅದೇ ಹಳೆಯ ಲೆಕ್ಕದಲ್ಲಿ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಹೆರಾಯಿನ್, ಮಾರ್ಫಿನ್, ಇಂಥ ನೋವಿನ ಮಾತ್ರೆಗಳು, ಎಲ್ಲದಕ್ಕೂ ಇದೇ ಮಾತು. ಬಿಟ್ಟು ಹೊರಬಂದ ಮೊದಲ ವಾರಗಳೇ ಜಾಸ್ತಿ ಅಪಾಯ. ಇದನ್ನು ನಮಗೆ ಹೇಳಿದ್ದು ನಿಮ್ಹಾನ್ಸ್‌ನ ಅಡಿಕ್ಷನ್ ವಿಭಾಗದ ಡಾಕ್ಟರ್, ಆಮೇಲೆ.

ಅಲ್ಲಿ ಬುಪ್ರೆನಾರ್ಫಿನ್ ಶುರು ಮಾಡಿದರು, ನಾಲಿಗೆಯ ಕೆಳಗೆ ಇಡುವ ಮಾತ್ರೆ. ಅದೂ ಅದೇ ಜಾತಿಯ ಔಷಧಿ, ಆದರೆ ಚಿಕಿತ್ಸೆಗೆ ಅಂತ ಡಾಕ್ಟರ್ ಅಳೆದು ಕೊಡುವಂಥದ್ದು. ಒಂದು ಚಟ ಬಿಡಿಸಿ ಇನ್ನೊಂದು ಹಚ್ಚುತ್ತಾರೆ ಅಂತ ನೆಂಟರೆಲ್ಲ ಹೇಳಿದರು. ಅದು ಸರಿಯಲ್ಲ. ಸರಿಯಾದ ಡೋಸಿನಲ್ಲಿ ಆಸೆಯೂ ವಿಡ್ರಾಯಲ್ಲೂ ಅಡಗುತ್ತವೆ, ಮನುಷ್ಯ ಕೆಲಸಕ್ಕೆ ಹೋಗುತ್ತಾನೆ, ಓವರ್‌ಡೋಸಿನಿಂದ ಸಾಯುವ ಭಯವೂ ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಬುಪ್ರೆನಾರ್ಫಿನ್ ಮತ್ತು ಇದೇ ಕೆಲಸಕ್ಕೆ ಕೊಡುವ ಮೆಥಡೋನ್ ಎರಡನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಯೋಗವನ್ನು ನಿಮ್ಹಾನ್ಸ್‌ನಲ್ಲೂ ಪರೀಕ್ಷೆ ಮಾಡಿ ನೋಡಿದ್ದಾರೆ, ಆದರೆ ಬುಪ್ರೆನಾರ್ಫಿನ್ ಜೊತೆಗೆ, ಅದರ ಬದಲಿಗಲ್ಲ. ನನ್ನ ವಾದವೂ ಅಷ್ಟೇ. ಕೌನ್ಸೆಲಿಂಗ್ ಬೇಕು, ಯೋಗ ಬೇಕು, ಜೊತೆಗಾರರು ಬೇಕೇ ಬೇಕು. ಔಷಧಿ ಕೊಡುವುದಿಲ್ಲ ಅನ್ನುವುದನ್ನೇ ಹೆಮ್ಮೆಯಿಂದ ಮಾರುವವರು ಬೇಡ.

ಜೊತೆಗಾರರ ವಿಷಯಕ್ಕೆ ಬಂದರೆ ನಾರ್ಕೋಟಿಕ್ಸ್ ಅನಾನಿಮಸ್, ಅಂದರೆ ಚಟ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು, ಅದರ ಮೀಟಿಂಗಿಗೆ ಪೂರ್ತಿ ಅಂಕ. 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು, ಬೆಂಗಳೂರಿನಲ್ಲೂ ನಡೆಯುತ್ತದೆ. ಫೀಸ್ ಇಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ, ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ರಾತ್ರಿ ಹನ್ನೊಂದಕ್ಕೆ ಆಸೆ ಕೆರಳಿದರೆ ಫೋನ್ ಎತ್ತಲು ಸ್ಪಾನ್ಸರ್, ಅಂದರೆ ತಾವೂ ಚಟ ಬಿಟ್ಟ ಅನುಭವಿ ಜೊತೆಗಾರ, ಒಬ್ಬರು ಇರುತ್ತಾರೆ. ಇದನ್ನು ಯಾವ ಆಸ್ಪತ್ರೆಯೂ ಕೊಡಲಾರದು, ಅಲ್ವಾ? ಅವರ ಗುರಿ ಎಲ್ಲವನ್ನೂ ಪೂರ್ತಿ ಬಿಡುವುದು, ಹಾಗಾಗಿ ಮಾತ್ರೆಯ ಮೇಲಿರುವವರನ್ನು ನೋಡುವ ರೀತಿ ಒಂದೊಂದು ಗುಂಪಿನಲ್ಲಿ ಒಂದೊಂದು ಥರ ಇರಬಹುದು. ಒಂದು ಕಡೆ ಹೊಂದದಿದ್ದರೆ ಇನ್ನೊಂದು ಗುಂಪು ನೋಡಿ. ಯಾರೋ ಹೇಳಿದರು ಅಂತ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ದುಡ್ಡು ಕಟ್ಟುವ ಮೊದಲು ಯಾವ ಸೆಂಟರಿಗಾದರೂ ಇಷ್ಟು ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯಾ? ರಾತ್ರಿ ಡಾಕ್ಟರ್ ಯಾರು? ತಾನಾಗಿ ಸೇರಿದವನು ಹೋಗುತ್ತೇನೆ ಅಂದರೆ ಬಿಡುತ್ತೀರಾ? ಬಿಡುಗಡೆ ಆದ ಮೇಲೆ ಯಾರು ನೋಡಿಕೊಳ್ಳುತ್ತಾರೆ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಸೆಂಟರಿಗೆ ಐದರಲ್ಲಿ ಎರಡು, ಎರಡೂ ಆ ಕೌನ್ಸೆಲರಿಗೆ. ತಮ್ಮ ಈಗ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾನೆ, ಮೀಟಿಂಗಿಗೂ ಹೋಗುತ್ತಾನೆ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದವರು ಚಟ ಬಿಡಿಸುವ ಸರ್ಕಾರಿ ಸಹಾಯವಾಣಿ 14446ಕ್ಕೆ ಅಥವಾ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಎರಡಕ್ಕೂ ದುಡ್ಡಿಲ್ಲ.