ಎರಡು ಭಾಗದ ಇಲಿಯಾಸ್ಟಮಿ ಬ್ಯಾಗ್: ನಾಲ್ಕು ತಿಂಗಳು ಬಳಸಿದ ಮೇಲೆ

ನಾನು ವಿಜಯಪುರದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಡಿಸೆಂಬರಿನಲ್ಲಿ ಇಲಿಯಾಸ್ಟಮಿ ಆಪರೇಷನ್ ಆಯಿತು. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರಗೆ ತಂದಿದ್ದಾರೆ. ಅದೇ ಸ್ಟೋಮಾ. ಮಲ ನೀರಾಗಿ, ಹೊತ್ತುಗೊತ್ತಿಲ್ಲದೆ ಬರುತ್ತದೆ, ತಡೆಯಲು ಆಗುವುದಿಲ್ಲ. ಅದನ್ನು ತುಂಬಿಕೊಳ್ಳಲು ಸ್ಟೋಮಾದ ಮೇಲೆ ಬ್ಯಾಗ್ ಅಂಟಿಸಿಕೊಳ್ಳಬೇಕು.

ಮೊದಲು ಒಂದು ಅಂಗಡಿಯವರು ಕೆಳಗೆ ಬಾಯಿ ಇಲ್ಲದ ಬ್ಯಾಗ್ ಕೊಟ್ಟುಬಿಟ್ಟರು. ಅದು ಮಲ ಗಟ್ಟಿಯಾಗಿ ಬರುವ ಕೊಲಾಸ್ಟಮಿಯವರಿಗೆ, ಅಂದರೆ ದೊಡ್ಡ ಕರುಳನ್ನು ಹೊರಗೆ ತಂದವರಿಗೆ. ನಾನು ದಿನಕ್ಕೆ ಐದಾರು ಸಲ ಖಾಲಿ ಮಾಡಬೇಕು. ಕಿತ್ತು ಕಿತ್ತು ಚರ್ಮ ಕೆಂಪಾಗಿ, ಮೆಣಸಿನಕಾಯಿ ಹಚ್ಚಿದ ಹಾಗೆ ಉರಿಯಿತು. ದಯವಿಟ್ಟು ಕೇಳುವಾಗಲೇ 'ಇಲಿಯಾಸ್ಟಮಿಗೆ, ಕೆಳಗೆ ಬಾಯಿ ಇರೋದು' ಅಂತ ಬಿಡಿಸಿ ಹೇಳಿ.

ಈಗಿನದು ಎರಡು ಭಾಗದ್ದು. 57 ಮಿ.ಮೀ. ಫ್ಲಾಂಜ್ ಅನ್ನುವ ಅಂಟು ಬಿಲ್ಲೆ ಚರ್ಮಕ್ಕೆ ಅಂಟುತ್ತದೆ, ಬ್ಯಾಗ್ ಅದರ ರಿಂಗಿಗೆ 'ಟಕ್' ಅಂತ ಕೂರುತ್ತದೆ. ಬ್ಯಾಗ್ ಬದಲಿಸಲು ಚರ್ಮ ಮುಟ್ಟಬೇಕಿಲ್ಲ. ಎರಡೂ ಒಂದೇ ಕಂಪನಿಯದು, ಒಂದೇ ಅಳತೆಯದು ಇರಲಿ.

ಎಲ್ಲ ಇರುವುದು ಸ್ಟೋಮಾ ಕೂರಲು ಫ್ಲಾಂಜಿನ ತೂತು ಕತ್ತರಿಸುವುದರಲ್ಲಿ. ಆಪರೇಷನ್ ಆದ ಮೇಲೆ ಆರೆಂಟು ವಾರ ಸ್ಟೋಮಾದ ಬಾವು ಇಳಿಯುತ್ತಾ ಹೋಗುತ್ತದೆ. ನನ್ನದು 38 ಮಿ.ಮೀ. ಇದ್ದದ್ದು 30ಕ್ಕೆ ಬಂತು. ಹಳೆ ಅಳತೆಯಲ್ಲೇ ಕತ್ತರಿಸಿದರೆ ಸುತ್ತ ಚರ್ಮ ಬಯಲಾಗಿ ಮತ್ತೆ ಉರಿ. ಈಗ ಸಾಮಾನು ತರುವ ಅಂಗಡಿಯವರು 'ಅಕ್ಕಾರ, ಈ ಅಳತೆ ಪಟ್ಟಿ ಇಟ್ಕೋರಿ' ಅಂತ ಸುಮ್ನೆ ಕೊಟ್ಟರು. ಆ ಪಟ್ಟಿಯಿಂದ ವಾರಕ್ಕೊಮ್ಮೆ ಅಳೆದು, ಕಾಗದದ ಮೇಲೆ ಗುಂಡಗೆ ಬರೆದು, ಬ್ಲೌಸಿನ ಕೊರಳು ಕತ್ತರಿಸುವ ಹಾಗೆ ಮೆಲ್ಲಗೆ ತಿರುಗಿಸಿ ಕತ್ತರಿಸುತ್ತೇನೆ. ಸ್ಟೋಮಾಕ್ಕಿಂತ 2 ಮಿ.ಮೀ. ದೊಡ್ಡದು, ಅಷ್ಟೇ. ಅಂಚನ್ನು ಬೆರಳಲ್ಲಿ ಸವರಿ ನಯ ಮಾಡಿ, ಎರಡು ಅಂಗೈ ನಡುವೆ ಬೆಚ್ಚಗೆ ಹಿಡಿದು ಅಂಟಿಸುತ್ತೇನೆ. ಬೆಳಿಗ್ಗೆ ಚಹಾಕ್ಕೂ ಮೊದಲೇ. ಆಗ ಸ್ಟೋಮಾ ಸುಮ್ಮನಿರುತ್ತದೆ.

ಬ್ಯಾಗಿನ ಮುಂಭಾಗ ಪಾರದರ್ಶಕ. ಮೊದಲು ನೋಡಲು ಆಗುತ್ತಿರಲಿಲ್ಲ. ಈಗ ಅದೇ ಬೇಕು ಅನ್ನಿಸುತ್ತದೆ. ತೀರಾ ನೀರಾಗಿ ಜಾಸ್ತಿ ಬಂದರೆ ಕಾಣುತ್ತದೆ ಅಲ್ವಾ, ಕೂಡಲೇ ಓಆರ್‌ಎಸ್ ಕುಡಿಯುತ್ತೇನೆ. ಅನ್ನ, ಬಾಳೆಹಣ್ಣು ತಿಂದ ದಿನ ಸ್ವಲ್ಪ ಗಟ್ಟಿ. ಮೂರನೇ ಒಂದು ಭಾಗ ತುಂಬಿದರೆ ಖಾಲಿ ಮಾಡಿಬಿಡಿ, ಭಾರಕ್ಕೆ ಫ್ಲಾಂಜ್ ಎಳೆಯುತ್ತದೆ.

ಕೊರತೆ ಬಿಸಿಲಿನದು. ಚಳಿಯಲ್ಲಿ ನಾಲ್ಕು ದಿನ ಬಂದ ಫ್ಲಾಂಜ್ ಏಪ್ರಿಲಿನಲ್ಲಿ ಎರಡೇ ದಿನ. ಮಷಿನ್ ಮೇಲೆ ಬಗ್ಗಿ ಕೂತರೆ ಬೆವರಿಗೆ ಕೆಳಗಿನ ಅಂಚು ಏಳುತ್ತದೆ. ಬ್ಯಾಗ್ ಹಿಡಿದಿಡುವ ಬೆಲ್ಟ್ ಹಾಕಿದ ಮೇಲೆ ಪರವಾಗಿಲ್ಲ. ಲಂಗದ ಲಾಡಿ ತೆಗೆದು ಅಗಲ ಇಲಾಸ್ಟಿಕ್ ಹೊಲಿದುಕೊಂಡೆ. ಫ್ಲಾಂಜ್ ಡಬ್ಬಿಯನ್ನು ತಗಡಿನ ಕೆಳಗೆ ಇಡದೆ ನೀರಿನ ಗಡಿಗೆ ಪಕ್ಕದಲ್ಲಿ ಇಡುತ್ತೇನೆ. ದುಬಾರಿ ಅನ್ನುವುದೂ ನಿಜ, ಬೇಸಿಗೆಯಲ್ಲಿ ಖರ್ಚು ಇಮ್ಮಡಿ.

ಹೋದ ವಾರ ತಂಗಿ ಮಗಳ ಸೀಮಂತಕ್ಕೆ ಬಾಗಲಕೋಟೆಗೆ ಬಸ್ಸಿನಲ್ಲಿ ಹೋದೆ. ಕತ್ತರಿಸಿಟ್ಟ ಒಂದು ಫ್ಲಾಂಜ್, ಒಂದು ಬ್ಯಾಗ್ ಪರ್ಸಿನಲ್ಲಿತ್ತು. ಹಾಗೇ ವಾಪಸ್ ಬಂತು.