ತುರಿಕೆ ಅಡಗಿಸುವ ಮದ್ದುಗಳು: ಕ್ಯಾಲೆಂಡರಿನಲ್ಲಿ ಬರೆದಿಟ್ಟ ಹೋಲಿಕೆ

ತುರಿಕೆಗೆ ವರ್ಷಗಟ್ಟಲೆ ಹಚ್ಚಿದ ಕ್ಲೋಬೆಟಸಾಲ್ ಎಂಬ ಸ್ಟೀರಾಯ್ಡ್ ಮುಲಾಮಿನ ಟ್ಯೂಬು ಬಿಟ್ಟ ಹನ್ನೊಂದನೇ ರಾತ್ರಿ ನನ್ನ ಎರಡೂ ಕೈಗಳು ಕೆಂಪು ತೋಳಂಗಿ ಹಾಕಿದ ಹಾಗೆ ಕಂಡವು. ಮಣಿಕಟ್ಟಿನ ಹತ್ತಿರ ಗೆರೆ ಎಳೆದಂತೆ ಕೆಂಪು ನಿಂತಿತ್ತು, ಅಂಗೈ ಮಾತ್ರ ಬಿಳುಪು. ಮುಖವೂ ಕೆಂಪು, ಮೂಗಿಗೆ ಏನೂ ಆಗಿರಲಿಲ್ಲ. ಕುತ್ತಿಗೆಯಿಂದ ತೆಳು ಹಳದಿ ನೀರು ಒಸರಿ ತಲೆದಿಂಬು ಕೆನ್ನೆಗೆ ಅಂಟುತ್ತಿತ್ತು. ಬೆಳಿಗ್ಗೆ ಹಾಸಿಗೆ ಕೊಡವಿದರೆ ಒಂದು ಮುಷ್ಟಿ ಹೊಟ್ಟು ಬೀಳುತ್ತಿತ್ತು.

ಇದು 2021ರ ಮಾತು. ಮಂಗಳೂರಿನಲ್ಲಿ ಇಬ್ಬರು ಚರ್ಮವೈದ್ಯರಿಗೆ ತೋರಿಸಿದೆ. ಒಬ್ಬರು, ಇದು ನಿಮ್ಮ ಹಳೆ ಇಸಬು (ಎಕ್ಸಿಮಾ), ಟ್ಯೂಬು ಬಿಟ್ಟದ್ದರಿಂದ ತಲೆ ಎತ್ತಿದೆ ಅಂದರು. ಇನ್ನೊಬ್ಬರು, ಇದು ಇಸಬು ಮಾತ್ರ ಅಲ್ಲ, ಸ್ಟೀರಾಯ್ಡ್ ಮುಲಾಮು ಬಿಟ್ಟಾಗ ಬರುವ ಬೇರೆಯೇ ತೊಂದರೆ ಅಂದರು. ಇಬ್ಬರನ್ನೂ ನಾನು ಗೌರವಿಸುತ್ತೇನೆ, ಯಾಕೆಂದರೆ ಈ ಜಗಳ ಅವರಿಬ್ಬರದ್ದಲ್ಲ. 1979ರಲ್ಲೇ ಕ್ಲಿಗ್‌ಮನ್ ಮತ್ತು ಫ್ರಾಷ್ ಎಂಬ ವೈದ್ಯರು ಸ್ಟೀರಾಯ್ಡ್ ಮುಲಾಮಿನ ಚಟದ ಬಗ್ಗೆ ಬರೆದಿದ್ದರು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2021ರ ಸೆಪ್ಟೆಂಬರಿನಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಆದರೂ ರಕ್ತ ಪರೀಕ್ಷೆ ಮಾಡಿ ಇದೇ ಅಂತ ಹೇಳಲು ಆಗುವುದಿಲ್ಲ. ಕೆಂಪು, ತುರಿಕೆ, ಸುಲಿತ ಎಲ್ಲ ಇಸಬಿಗೂ ಇರುವಂಥದ್ದೇ. ಹೆದರಿಕೆ ಹಬ್ಬಿದರೆ ನಿಜವಾಗಿ ಬೇಕಾದವರೂ ಮದ್ದು ಬಿಟ್ಟುಬಿಡುತ್ತಾರೆ ಅನ್ನುವ ವೈದ್ಯರ ಚಿಂತೆಯಲ್ಲೂ ಅರ್ಥ ಇದೆ. ನನ್ನ ಅಕ್ಕನ ಮೊಮ್ಮಗುವಿಗೆ ಮೊಣಕಾಲ ಹಿಂದೆ ಇಸಬು ಬಂದಾಗ 1% ಹೈಡ್ರೋಕಾರ್ಟಿಸೋನ್ ಎಂಬ ಕಡಿಮೆ ಬಲದ ಸ್ಟೀರಾಯ್ಡ್ ಮುಲಾಮನ್ನು ಐದು ದಿನ ಹಚ್ಚಿ ನಿಲ್ಲಿಸಿದರು. ಗುಣವಾಯಿತು, ಅಷ್ಟೇ.

ನಾನು ಹಾಗೆ ಹಚ್ಚಿದವನಲ್ಲ. ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಸಣ್ಣ ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಬೇಕು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಬೆರೆಸುವುದು ನಾನೇ. 2016ರಲ್ಲಿ ಕೈ ತುರಿಸಲು ಶುರುವಾಯಿತು. ತುತ್ತು ಸುಣ್ಣದ ಉರಿ ಅಂದುಕೊಂಡು ಉದ್ದದ ರಬ್ಬರ್ ಗ್ಲೌಸ್ ತಂದೆ. ತುರಿಕೆ ಇನ್ನೂ ಜಾಸ್ತಿಯಾಯಿತು. ಮದ್ದಿನಂಗಡಿಯಲ್ಲಿ ಒಂದು ಟ್ಯೂಬು ಕೊಟ್ಟರು.

ಆ ಟ್ಯೂಬಿನ ಬಗ್ಗೆ ಮೊದಲು ಹೇಳಬೇಕು, ಯಾಕೆಂದರೆ ಅಡಗಿಸುವುದರಲ್ಲಿ ಅದನ್ನು ಮೀರಿಸುವ ಮದ್ದು ನಾನು ನೋಡಿಲ್ಲ. ಕ್ಲೋಬೆಟಸಾಲ್ 0.05% ಅಂದರೆ ಕೇಳಲು ಚಿಕ್ಕ ಅಂಕಿ. ಆದರೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಇದು ಅತಿ ಬಲದ ಗುಂಪಿನದ್ದು. ರಕ್ತನಾಳಗಳನ್ನು ಕುಗ್ಗಿಸುತ್ತದೆ, ಚರ್ಮದಲ್ಲಿ ಕೆರಳಿದ ಜೀವಕೋಶಗಳನ್ನು ಸುಮ್ಮನಾಗಿಸುತ್ತದೆ. ರಾತ್ರಿ ಹಚ್ಚಿದರೆ ಬೆಳಿಗ್ಗೆಗೆ ಕೈ ಬೆಳ್ಳಗೆ, ತುರಿಕೆ ಮಾಯ. ಮುಖಕ್ಕೆ ಹಚ್ಚಬಾರದು, ಎರಡು ವಾರಕ್ಕಿಂತ ಹೆಚ್ಚು ಬೇಡ ಅನ್ನುವುದು ನನಗೆ ಆಗ ಯಾರೂ ಹೇಳಲಿಲ್ಲ. ಟ್ಯೂಬಿನ ಜೊತೆ ಬಂದ ಮಾಹಿತಿ ಹಾಳೆ ನಾನು ಓದಲೂ ಇಲ್ಲ. ಮೊದಲು ತಿಂಗಳಿಗೆ ಒಂದು ಟ್ಯೂಬು, ಆಮೇಲೆ ವಾರಕ್ಕೆ ಒಂದು. ಕೈಯಿಂದ ತೋಳಿಗೆ, ಕುತ್ತಿಗೆಗೆ, ರೆಪ್ಪೆಗೆ. 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕು ಅಂತ ಮಾಡಿತು. ನನಗೆ ಖಾಲಿ ಟ್ಯೂಬು ತೋರಿಸಿದರೆ ಸಾಕಾಗುತ್ತಿತ್ತು. 2020ರ ಮಾರ್ಚಿನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿ ಮಂಗಳೂರಿಗೆ ಹೋಗುವ ದಾರಿ ನಿಂತಾಗ ಹಾಗೆ ಖಾಲಿ ಟ್ಯೂಬು ತೋರಿಸಿಯೇ ತಿಂಗಳುಗಟ್ಟಲೆ ಕಳೆದೆ. ಕೊನೆಗೆ ಮೊಣಕೈ ಒಳಗಿನ ಚರ್ಮ ಬೆಳ್ಳುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ನೀಲಿ ನರ ಎದ್ದು ಕಂಡಿತು. ಅದನ್ನು ನೋಡಿ ನಿಲ್ಲಿಸಿದೆ. ಆಮೇಲಿನ ಕಥೆ ಮೇಲೆ ಹೇಳಿದೆ.

ಅಲ್ಲಿಂದ ಎರಡು ವರ್ಷ ಬೇರೆ ಬೇರೆ ಮದ್ದು ನೋಡಿದೆ, ಎಲ್ಲ ವೈದ್ಯರನ್ನು ಕೇಳಿಯೇ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಎರಡು ಅಂಕಿ ಬರೆದೆ. ಎಷ್ಟು ಗಂಟೆ ನಿದ್ದೆ, ಬೆಳಿಗ್ಗೆ ಬಿಳಿ ಹಾಸಿಗೆ ಬಟ್ಟೆಯ ಮೇಲೆ ಎಷ್ಟು ರಕ್ತದ ಚುಕ್ಕಿ. ಚುಕ್ಕಿ ಎಣಿಸುತ್ತಿದ್ದವಳು ಹೆಂಡತಿ. ಮದ್ದು ನಿಲ್ಲಿಸಿದ ಮೇಲಿನ ಎರಡು ವಾರವನ್ನೂ ಬಿಡದೆ ಬರೆದೆ. ಈ ಎರಡು ವಾರ ನೋಡದೆ ಮದ್ದು ಒಳ್ಳೆಯದು ಅಂತ ಹೇಳಬಾರದು ಅಂತ ನನಗೆ ಆ ಟ್ಯೂಬಿನಿಂದ ಗೊತ್ತಾಗಿತ್ತು.

ಸೆಟ್ರಿಜಿನ್ 10 ಮಿಲಿಗ್ರಾಂ ಅಲರ್ಜಿಗೆ, ತುರಿಕೆಗೆ ಎಲ್ಲರೂ ಮೊದಲು ನುಂಗುವ ಮಾತ್ರೆ. ನನ್ನ ಕ್ಯಾಲೆಂಡರಿನಲ್ಲಿ ಅದರಿಂದ ಏನೂ ಬದಲಾಗಲಿಲ್ಲ. ಚುಕ್ಕಿ ಮೊದಲು ಇಪ್ಪತ್ತರ ಆಸುಪಾಸು, ಆಮೇಲೂ ಅಷ್ಟೇ. ವೈದ್ಯರು ಕಾರಣ ಹೇಳಿದರು. ಪಿತ್ತದ ಗಂಧೆ ಎದ್ದಾಗ ತುರಿಸುವುದು ದೇಹವೇ ಬಿಡುವ ಹಿಸ್ಟಮಿನ್ ಎಂಬ ರಾಸಾಯನಿಕದಿಂದ, ಅದನ್ನು ಈ ಮಾತ್ರೆ ತಡೆಯುತ್ತದೆ. ಇಸಬಿನ ತುರಿಕೆ ಹೆಚ್ಚಾಗಿ ಬೇರೆ ದಾರಿಯಿಂದ ಬರುತ್ತದೆ.

ಅದರ ಅಣ್ಣ ಹೈಡ್ರಾಕ್ಸಿಜಿನ್. ಅಣ್ಣ ಅಂದದ್ದು ಸುಮ್ನೆ ಅಲ್ಲ, ಹೈಡ್ರಾಕ್ಸಿಜಿನ್ ದೇಹದೊಳಗೆ ಹೋಗಿ ಸೆಟ್ರಿಜಿನ್ ಆಗಿಯೇ ಬದಲಾಗುತ್ತದೆ. ಆದರೆ ಬದಲಾಗುವ ಮುಂಚೆ ಮಿದುಳಿಗೆ ಹೋಗಿ ನಿದ್ದೆ ತರುತ್ತದೆ. ರಾತ್ರಿ 25 ಮಿಲಿಗ್ರಾಂ. ಮೂರು ಗಂಟೆ ಇದ್ದ ನಿದ್ದೆ ಆರು ಗಂಟೆ ಆಯಿತು. ತುರಿಕೆ ಹೋಗಿರಲಿಲ್ಲ, ನಿದ್ದೆಯಲ್ಲಿ ನಾನು ಕಡಿಮೆ ತುರಿಸುತ್ತಿದ್ದೆ ಅಷ್ಟೆ. ಬೆಳಿಗ್ಗೆ ಹತ್ತು ಗಂಟೆಯವರೆಗೆ ಬಾಯಿ ಒಣ, ತಲೆಯೊಳಗೆ ಮಂಜು. ಒಂದು ದಿನ ಬೈಕಿನಲ್ಲಿ ನೀರ್ಚಾಲಿಗೆ ಹೋಗುವಾಗ ತಿರುವು ಬಂದದ್ದೇ ಗೊತ್ತಾಗಲಿಲ್ಲ. ಅವತ್ತಿನಿಂದ ಮಾತ್ರೆ ತೆಗೆದುಕೊಂಡ ಮರುದಿನ ಗಾಡಿ ಮುಟ್ಟಲಿಲ್ಲ. ನಿಲ್ಲಿಸಿದಾಗ ಎರಡು ದಿನ ನಿದ್ದೆ ಕೆಟ್ಟಿತು, ಚರ್ಮ ಇದ್ದ ಹಾಗೇ ಇತ್ತು. ತೀರಾ ಕೆಟ್ಟ ವಾರಗಳಿಗೆ ಇದು ಸಹಾಯ ಮಾಡುತ್ತದೆ, ಅದರ ಆಚೆಗೆ ಬೇಡ.

ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯ ಹತ್ತು ದಿನ ನನಗೆ ಈಗಲೂ ನೆನಪಿದೆ. ಕುಂಬಳೆಯಲ್ಲಿ ಸೋದರಳಿಯನ ಮದುವೆ ಇತ್ತು. ಈ ಮುಖ ಹೊತ್ತು ಹೋಗಲಾರೆ ಅಂತ ನಾನೇ ವೈದ್ಯರಲ್ಲಿ ಬೇಡಿಕೊಂಡೆ. ದಿನಕ್ಕೆ 20 ಮಿಲಿಗ್ರಾಂ. ಎರಡನೇ ರಾತ್ರಿ ಏಳು ಗಂಟೆ ನಿದ್ದೆ, ಚುಕ್ಕಿ ಸೊನ್ನೆ. ನಾಲ್ಕನೇ ದಿನಕ್ಕೆ ಮುಖ ತಿಳಿಯಾಯಿತು. ಮದುವೆಯಲ್ಲಿ ಎಲ್ಲರೂ ಗುಣವಾಯಿತಲ್ವಾ ಅಂದರು, ನಾನೂ ಹೌದು ಅಂದೆ. ಮುಗಿದ ಆರನೇ ದಿನ ಕೆಂಪು ವಾಪಸು ಬಂತು, ಈ ಸಲ ಹೊಟ್ಟೆ ಬೆನ್ನಿಗೂ. ಕ್ಯಾಲೆಂಡರಿನಲ್ಲಿ ನಲವತ್ತೊಂದು ಚುಕ್ಕಿ, ನಾನು ಬರೆದ ಅಂಕಿಗಳಲ್ಲಿ ಅತಿ ದೊಡ್ಡದು. ಇಸಬಿಗೆ ಈ ಮಾತ್ರೆಯನ್ನು ಆದಷ್ಟು ದೂರ ಇಡಬೇಕು ಅಂತ ಚರ್ಮವೈದ್ಯರೂ ಹೇಳುವುದು ಇದಕ್ಕೇ. ಆದರೆ ವಾರಗಟ್ಟಲೆ ಇದನ್ನು ನುಂಗುತ್ತಿರುವವರು ನನ್ನ ಮಾತು ಓದಿ ಒಮ್ಮೆಲೇ ನಿಲ್ಲಿಸಬೇಡಿ. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ವೈದ್ಯರು ಹೇಳಿದ ಹಾಗೆ ಇಳಿಸುತ್ತಾ ಬರಬೇಕು.

ಕ್ಯಾಲಮೈನ್ ಲೋಷನ್ ನನ್ನ ಒಣ ಚರ್ಮವನ್ನು ಇನ್ನಷ್ಟು ಒಣಗಿಸಿತು. ಮನೆಯ ತೆಂಗಿನೆಣ್ಣೆ ಒಡೆಯದ ಜಾಗಕ್ಕೆ ಹಿತ, ನೀರು ಒಸರುವಲ್ಲಿ ಜಿಗುಟು.

ಟ್ಯಾಕ್ರೋಲಿಮಸ್ 0.1% ಮುಲಾಮು ಸ್ಟೀರಾಯ್ಡ್ ಅಲ್ಲ. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಸಿಕ್ಕಿದ ಮದ್ದು, ಬದಲಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಿರಲಿ ಅಂತ ಕೊಡುತ್ತಿದ್ದದ್ದು. ಮೊದಲ ರಾತ್ರಿ ಕುತ್ತಿಗೆಗೆ ಹಚ್ಚಿದಾಗ ಗಾಂಧಾರಿ ಮೆಣಸು ಅರೆದು ಮೆತ್ತಿದ ಹಾಗೆ ಉರಿಯಿತು. ಇಪ್ಪತ್ತು ನಿಮಿಷ ಫ್ಯಾನಿನ ಕೆಳಗೆ ಹಲ್ಲು ಕಚ್ಚಿ ಕೂತೆ. ಸ್ನಾನ ಮಾಡಿ ಚರ್ಮ ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಉರಿ ಕಡಿಮೆ, ಟ್ಯೂಬನ್ನು ಫ್ರಿಜ್‌ನಲ್ಲಿ ಇಟ್ಟರೆ ಇನ್ನೂ ಕಡಿಮೆ. ಆರನೇ ದಿನ ಉರಿ ನಿಂತಿತು. ಚುಕ್ಕಿ ಇಳಿಯಲು ಎರಡು ವಾರ ಬೇಕಾಯಿತು. ಇಪ್ಪತ್ತು, ಹದಿನಾಲ್ಕು, ಒಂಬತ್ತು, ಐದು. ಎರಡು ತಿಂಗಳ ಮೇಲೆ ನಿಲ್ಲಿಸಿ ನೋಡಿದಾಗ ತುರಿಕೆ ಮೆಲ್ಲಗೆ ಬಂತು, ಹಳೆ ಮಟ್ಟ ಮೀರಲಿಲ್ಲ. ಚರ್ಮ ತೆಳುವಾಗಲಿಲ್ಲ. 2006ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಮೇಲೆ ಕ್ಯಾನ್ಸರಿನ ಎಚ್ಚರಿಕೆ ಹಾಕಿಸಿದ್ದನ್ನು ಓದಿ ಹೆದರಿ ವೈದ್ಯರನ್ನು ಕೇಳಿದ್ದೆ. ಆ ಅನುಮಾನ ಹೆಚ್ಚಾಗಿ ಪ್ರಾಣಿಗಳ ಪ್ರಯೋಗ ಮತ್ತು ಹೊಟ್ಟೆಗೆ ಕೊಡುವ ದೊಡ್ಡ ಪ್ರಮಾಣದಿಂದ ಬಂದದ್ದು ಅಂತ ವಿವರಿಸಿದರು. ನನ್ನ ಮುಖಕ್ಕೆ, ಕುತ್ತಿಗೆಗೆ ನಾನು ಆರಿಸಿಕೊಂಡದ್ದು ಇದನ್ನೇ. ಇದೂ ತುರಿಕೆಯನ್ನು ಮುಚ್ಚುವ ಮದ್ದೇ ಹೌದು, ಆದರೆ ಮುಚ್ಚಳ ತೆಗೆದಾಗ ಸಿಡಿಯಲಿಲ್ಲ.

ಕೈ ಮಾತ್ರ ಯಾವ ಮದ್ದಿಗೂ ಪೂರ್ತಿ ಬಗ್ಗಲಿಲ್ಲ. ಎರಡನೇ ವೈದ್ಯರು ಮೊದಲ ದಿನವೇ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು, ಹುಳಕಡ್ಡಿ ಇದ್ದರೂ ಸ್ಟೀರಾಯ್ಡ್ ಅದನ್ನು ಗುರುತೇ ಸಿಗದಂತೆ ಮಾಡುತ್ತದೆ ಅಂತ. ಹುಳಕಡ್ಡಿ ಇರಲಿಲ್ಲ. ಯಾವುದು ಮುಟ್ಟಿದರೆ ಅಲರ್ಜಿ ಅಂತ ನೋಡುವ ಪ್ಯಾಚ್ ಪರೀಕ್ಷೆಯನ್ನೂ ಆಗಲೇ ಮಾಡಬೇಕೆಂದಿದ್ದರು, ಬೆನ್ನು ತಿಳಿಯಾಗಲಿ ಅಂತ ಕಾದರು. ನಡುವೆ ಮದುವೆಗೆ ಮಾತ್ರೆ ನುಂಗಿದ್ದರಿಂದ ಅದು ಮತ್ತೆ ಮುಂದೆ ಹೋಯಿತು. ಮಾತ್ರೆ ಮೈಯಲ್ಲಿದ್ದರೆ ಅಲರ್ಜಿಯೂ ಅಡಗಿ ಕೂರುತ್ತದೆ. 2023ರ ಜನವರಿಯಲ್ಲಿ ಕೊನೆಗೂ ಬೆನ್ನಿಗೆ ಸಾಲಾಗಿ ಪಟ್ಟಿ ಅಂಟಿಸಿದರು. 48 ಗಂಟೆ ಸ್ನಾನ ಇಲ್ಲ. ತೆಗೆದಾಗ ಒಂದು ಚೌಕ ಕೆಂಪಾಗಿ ಉಬ್ಬಿತ್ತು, 96 ಗಂಟೆಗೆ ಅದರಲ್ಲಿ ಸಣ್ಣ ನೀರುಗುಳ್ಳೆ ಎದ್ದವು. ಅದು ಥೈಯುರಾಂ, ರಬ್ಬರ್ ಹದ ಮಾಡಲು ಬಳಸುವ ರಾಸಾಯನಿಕ.

ಅಂದರೆ ನನ್ನ ಗ್ಲೌಸ್. ಕೈ ಕಾಪಾಡಲಿ ಅಂತ ಏಳು ವರ್ಷ ಹಾಕಿದ್ದು. ಒಳಗೆ ಅದು ಸುಡುತ್ತಿತ್ತು, ಮೇಲಿನಿಂದ ಟ್ಯೂಬು ಅದನ್ನು ಮುಚ್ಚುತ್ತಿತ್ತು, ನಾನು ಮೈಲುತುತ್ತನ್ನು ಬೈಯುತ್ತಿದ್ದೆ. ಮುಖ ತೋಳುಗಳ ಕೆಂಪಿನ ಬಗ್ಗೆ ಇಬ್ಬರು ವೈದ್ಯರೂ ಈಗಲೂ ತಮ್ಮ ತಮ್ಮ ಮಾತಿಗೇ ನಿಂತಿದ್ದಾರೆ. ಕೈಯ ವಿಷಯದಲ್ಲಿ ಮಾತ್ರ ಇಬ್ಬರದ್ದೂ ಒಂದೇ ಉತ್ತರ.

ಈಗ ಒಳಗೆ ತೆಳು ಹತ್ತಿಯ ಗ್ಲೌಸ್, ಮೇಲೆ ವಿನೈಲ್‌ನದ್ದು. ಆ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಎರಡನೇ ಸಲ ಬೋರ್ಡೋ ಬೆರೆಸಿದ ಸಂಜೆ ಕೈ ತೊಳೆದು ಒರೆಸಿ ದೀಪದ ಹತ್ತಿರ ಹಿಡಿದು ನೋಡಿದೆ. ಉಗುರಿನ ಬುಡದಲ್ಲಿ ಸ್ವಲ್ಪ ನೀಲಿ ಅಂಟಿತ್ತು, ಅದು ಬಿಟ್ಟರೆ ಏನೂ ಇರಲಿಲ್ಲ.